ಕೆನಡಾಕ್ಕೆ ಹೊಸದಾಗಿ ಬಂದಿದ್ದೀರಾ? ಇರಾನಿನ ಐಆರ್‌ಜಿಸಿ ಪಡೆಯ ಮೇಲಿನ ಕಾನೂನು ನಮಗೆ ಎಲ್ಲಿ ತಾಗುತ್ತದೆ, ಎಲ್ಲಿ ತಾಗುವುದಿಲ್ಲ

ಒಂದು ಪುಟ್ಟ ಕೇಸರಿ ಡಬ್ಬಿಯಿಂದ ಶುರು ಮಾಡುತ್ತೇನೆ. ನಾವಿರುವುದು ಟೊರೊಂಟೊದಿಂದ ಸ್ವಲ್ಪ ಉತ್ತರಕ್ಕೆ, ರಿಚ್ಮಂಡ್ ಹಿಲ್‌ನಲ್ಲಿ. ಇಲ್ಲಿ ಯಂಗ್ ಸ್ಟ್ರೀಟ್‌ನಲ್ಲಿ ಇರಾನಿಗಳ ಅಂಗಡಿ, ಬೇಕರಿ, ಹೋಟೆಲು ತುಂಬಾ ಇವೆ. ಅವರ ಹೊಸವರ್ಷದ ಹಬ್ಬ ನೌರೂಜ್, ನಮ್ಮ ಯುಗಾದಿ ಹೆಚ್ಚುಕಮ್ಮಿ ಅಕ್ಕಪಕ್ಕ ಬರುತ್ತವೆ. ಎದುರು ಮನೆಯ ಇರಾನಿ ಅಮ್ಮ ಆ ಸಮಯಕ್ಕೆ ಕೊಟ್ಟ ಕೇಸರಿಯನ್ನು ಬಿಸಿ ಹಾಲಲ್ಲಿ ನೆನೆಸಿ ನನ್ನ ಹೆಂಡತಿ ಕೇಸರಿಬಾತ್ ಮಾಡಿದಳು. ನಮ್ಮ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದ ಮಂಡ್ಯದ ಹುಡುಗ ರುಚಿ ನೋಡಿ, ಊರಿಗೆ ಕಳಿಸೋಕೆ ನನಗೂ ಒಂದು ಡಬ್ಬಿ ತರಿಸಿಕೊಡಿ ಅಂತ ಆ ಅಮ್ಮನಿಗೆ ಇ-ಟ್ರಾನ್ಸ್‌ಫರ್ ಮಾಡಿದ. ಮೆಸೇಜ್ ಜಾಗದಲ್ಲಿ 'ಇರಾನ್ ಕೇಸರಿಗೆ' ಅಂತ ಇಂಗ್ಲಿಷಲ್ಲಿ ಬರೆದ. ದುಡ್ಡು ಎರಡು ದಿನ ನಿಂತೇಹೋಯಿತು. ಬ್ಯಾಂಕಿನಿಂದ ಫೋನು: ಯಾರಿಗೆ ಕಳಿಸಿದ್ದು, ಯಾತಕ್ಕೆ, ಸಾಮಾನು ಎಲ್ಲಿಂದ ಬಂತು? ಹುಡುಗ ಬೆವತುಹೋಗಿದ್ದ. ಇದ್ದದ್ದನ್ನು ಇದ್ದ ಹಾಗೆ ಹೇಳಿದ, ದುಡ್ಡು ಹೋಯಿತು, ಮುಗಿಯಿತು. ಆದರೆ ಅವತ್ತಿನಿಂದ ಆ ಅಮ್ಮನ ಮನೆ ಕಡೆ ಹೋಗುವುದನ್ನೇ ಬಿಟ್ಟುಬಿಟ್ಟ. ನನಗೆ ಬೇಜಾರಾಗಿದ್ದು ಅದಕ್ಕೆ. ಈ ಬರಹಕ್ಕೂ ಅದೇ ಕಾರಣ.

ಇರಾನ್ ಮೇಲೆ ಹಳೆಯ ನಿರ್ಬಂಧಗಳಿರುವುದರಿಂದ ಬ್ಯಾಂಕುಗಳು ಆ ಹೆಸರು ಕಂಡರೆ ಮೊದಲಿಂದಲೂ ತಡೆದು ನೋಡುತ್ತವೆ. 2024ರ ಜೂನ್ 19ಕ್ಕೆ ಇನ್ನೊಂದು ಕಾರಣ ಸೇರಿತು. ಅವತ್ತು ಕೆನಡಾ ಸರ್ಕಾರ ಇರಾನಿನ ಐಆರ್‌ಜಿಸಿಯನ್ನು, ಅಂದರೆ ರೆವಲ್ಯೂಷನರಿ ಗಾರ್ಡ್ ಪಡೆಯನ್ನು, ತನ್ನ ಭಯೋತ್ಪಾದಕ ಸಂಘಟನೆಗಳ ಪಟ್ಟಿಗೆ ಸೇರಿಸಿತು.

ಇದು ಇರಾನಿನ ಮಾಮೂಲಿ ಸೈನ್ಯ ಅಲ್ಲ. 1979ರ ಕ್ರಾಂತಿ ಆದ ಮೇಲೆ ಆ ಆಡಳಿತವನ್ನು ಕಾಯೋಕೆ ಅಂತಲೇ ಕಟ್ಟಿದ ಬೇರೆ ಪಡೆ. ಇದಕ್ಕೆ ತನ್ನದೇ ಭೂಸೇನೆ ಇದೆ, ನೌಕಾಪಡೆ ಇದೆ, ಕ್ಷಿಪಣಿಗಳಿವೆ, ರಸ್ತೆ-ಅಣೆಕಟ್ಟು ಕಟ್ಟುವ ದೊಡ್ಡ ದೊಡ್ಡ ಕಂಪನಿಗಳೂ ಇವೆ. ದೇಶದ ಹೊರಗೆ ಕೆಲಸ ಮಾಡುವ ಖುದ್ಸ್ ಪಡೆ ಇದರದ್ದೇ ಭಾಗ, ಅದನ್ನು ಕೆನಡಾ 2012ರಲ್ಲೇ ಪಟ್ಟಿಗೆ ಹಾಕಿತ್ತು. ಇರಾನಿಗಳು ಇಡೀ ಪಡೆಯನ್ನು 'ಸೆಪಾಹ್' ಅನ್ನುತ್ತಾರೆ. ನಮ್ಮ 'ಸಿಪಾಯಿ' ಬಂದಿದ್ದೂ ಅದೇ ಬೇರಿನಿಂದ.

ಈ ಕಾನೂನು ಯಾಕೆ ಬಂತು ಅಂತ ಗೊತ್ತಾಗಬೇಕಾದರೆ 2020ರ ಜನವರಿ 8 ಗೊತ್ತಿರಬೇಕು. ಟೆಹರಾನಿನಿಂದ ಕೀವ್‌ಗೆ ಹೊರಟ ಉಕ್ರೇನ್ ವಿಮಾನ ಪಿಎಸ್752 ಮೇಲೆದ್ದ ಕೆಲವೇ ನಿಮಿಷಕ್ಕೆ ಐಆರ್‌ಜಿಸಿ ಎರಡು ಕ್ಷಿಪಣಿ ಹೊಡೆದು ಬೀಳಿಸಿತು. 176 ಜನ ಸತ್ತರು. ಅವರಲ್ಲಿ 138 ಮಂದಿ ಬರುತ್ತಿದ್ದದ್ದು ಕೆನಡಾಕ್ಕೆ. ಚಳಿಗಾಲದ ರಜೆ ಮುಗಿಸಿ ಕಾಲೇಜಿಗೆ ವಾಪಸ್ ಬರುತ್ತಿದ್ದ ಮಕ್ಕಳು, ಮದುವೆಗೆ ಅಂತ ಊರಿಗೆ ಹೋಗಿದ್ದವರು, ನಮ್ಮ ಹಾಗೇ ಎರಡು ಸೂಟ್‌ಕೇಸ್ ತುಂಬ ತಿಂಡಿ ತುಂಬಿಕೊಂಡು ಹೊರಟವರು. 1985ರಲ್ಲಿ ಕೆನಡಾದಿಂದ ಹೊರಟ ಏರ್ ಇಂಡಿಯಾದ ಕನಿಷ್ಕ ವಿಮಾನದ ಸ್ಫೋಟದಲ್ಲಿ 329 ಜನ ಹೋದದ್ದನ್ನು ನೆನಪಿಟ್ಟುಕೊಂಡ ಹಿರಿಯರು ಇಲ್ಲಿ ಇನ್ನೂ ಇದ್ದಾರೆ, ಅವರನ್ನು ಕೇಳಿ, ಇಂಥ ದುಃಖ ಎಷ್ಟು ವರ್ಷ ಮನೆಯಲ್ಲಿ ಉಳಿಯುತ್ತದೆ ಅಂತ. ಪಟ್ಟಿಗೆ ಸೇರಿಸಿ ಅಂತ 2018ರಲ್ಲೇ ಸಂಸತ್ತಿನಲ್ಲಿ ನಿರ್ಣಯ ಆಗಿತ್ತು. ಆದರೆ ಕಾರ್ಯರೂಪಕ್ಕೆ ಬರೋಕೆ ಆರು ವರ್ಷ ಹಿಡಿಯಿತು. ವಿಮಾನ ಬಿದ್ದ ಮೇಲೆ ಬೀದಿಗಿಳಿದು, ಫೋಟೋ ಹಿಡಿದು ಕೇಳಿದವರಲ್ಲಿ ಮುಂದಿದ್ದವರು ಆ ವಿಮಾನದಲ್ಲಿ ಮಕ್ಕಳನ್ನು ಕಳೆದುಕೊಂಡ ಇರಾನಿ ಕುಟುಂಬಗಳೇ. ಎದುರು ಮನೆಯವರನ್ನು ಅನುಮಾನದಿಂದ ನೋಡುವ ಮೊದಲು ಇದೊಂದು ಮಾತು ತಲೆಯಲ್ಲಿರಲಿ.

ಪಟ್ಟಿಗೆ ಸೇರಿದರೆ ಆಗುವುದೇನು? ಸಾರ್ವಜನಿಕ ಸುರಕ್ಷತಾ ಸಚಿವರ ಶಿಫಾರಸಿನ ಮೇಲೆ ಸಂಪುಟ ಹೆಸರು ಸೇರಿಸುತ್ತದೆ. ಆಮೇಲೆ ಆ ಸಂಘಟನೆಯ ಆಸ್ತಿ, ಖಾತೆ ಎಲ್ಲ ಇಲ್ಲಿ ಸ್ತಂಭನ. ಅದರ ಆಸ್ತಿ ಅಂತ ಗೊತ್ತಿದ್ದೂ ವ್ಯವಹಾರ ಮಾಡುವುದು, ಅದಕ್ಕೆ ದುಡ್ಡು ಕೊಡುವುದು ಅಪರಾಧ, 10 ವರ್ಷದವರೆಗೆ ಜೈಲಾಗಬಹುದು. ಈ 'ಗೊತ್ತಿದ್ದೂ' ಅನ್ನುವ ಮಾತು ಮುಖ್ಯ. ಬೇಕರಿಯಲ್ಲಿ ಬಾರ್ಬರಿ ಬ್ರೆಡ್ ಕೊಂಡರೆ, ಇರಾನಿ ಓನರ್ ಮನೆಯಲ್ಲಿ ಬಾಡಿಗೆಗೆ ಇದ್ದರೆ, ಇರಾನಿ ಡೆಂಟಿಸ್ಟ್ ಹತ್ತಿರ ಹಲ್ಲು ತೋರಿಸಿದರೆ ಈ ಕಾನೂನಿಗೂ ನಿಮಗೂ ಸಂಬಂಧವೇ ಇಲ್ಲ. ಕಾನೂನು ಹೆಸರಿಸಿರುವುದು ಒಂದು ಪಡೆಯನ್ನು, ಜನರನ್ನಲ್ಲ.

ಆದರೂ ಇದರಲ್ಲಿ ಪಾಪದವರು ಸಿಕ್ಕಿಹಾಕಿಕೊಳ್ಳುವ ಒಂದು ಜಾಗ ಇದೆ, ಅದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಇರಾನಿನಲ್ಲಿ 18 ದಾಟಿದ ಗಂಡುಮಕ್ಕಳಿಗೆ ಸೈನಿಕ ಸೇವೆ ಕಡ್ಡಾಯ, ಅದಕ್ಕೆ 'ಸರ್ಬಾಜಿ' ಅನ್ನುತ್ತಾರೆ. ಮುಗಿಸಿದ ಕಾರ್ಡ್ ಇಲ್ಲದಿದ್ದರೆ ಪಾಸ್‌ಪೋರ್ಟ್ ಸಿಗುವುದೇ ಕಷ್ಟ. ಯಾವ ಪಡೆಗೆ ಹಾಕುತ್ತಾರೆ ಅನ್ನುವುದು ಹುಡುಗನ ಕೈಯಲ್ಲಿಲ್ಲ. ಐಆರ್‌ಜಿಸಿಗೆ ಹಾಕಿದರೆ ಅಲ್ಲೇ ಹೋಗಬೇಕು, ಅಡುಗೆಮನೆಯಲ್ಲೋ ಗೇಟಿನಲ್ಲೋ ಎರಡು ವರ್ಷ ಕಳೆಯಬೇಕು. ಅಂಥವನು ಹತ್ತು ವರ್ಷದ ಮೇಲೆ ಇಲ್ಲಿ ಪಿಆರ್‌ಗೆ, ಅಂದರೆ ಕಾಯಂ ನಿವಾಸಕ್ಕೆ, ಅರ್ಜಿ ಹಾಕಿದಾಗ, ಭಯೋತ್ಪಾದಕ ಸಂಘಟನೆಯ ಸದಸ್ಯನಾಗಿದ್ದೆಯಾ ಅನ್ನುವ ಪ್ರಶ್ನೆ ಎದುರು ನಿಲ್ಲುತ್ತದೆ. ಎದುರು ಮನೆಯ ಅಮ್ಮ ತನ್ನ ತಮ್ಮನ ಆ ಕಾರ್ಡನ್ನು ನನಗೆ ತೋರಿಸಿದ್ದಾರೆ. ಪ್ಲಾಸ್ಟಿಕ್ ಕವರಿನಲ್ಲಿಟ್ಟ ಸಣ್ಣ ಕಾರ್ಡು, ಮೂಲೆಯಲ್ಲಿ ಮೀಸೆ ಚಿಗುರುತ್ತಿರುವ ಹುಡುಗನ ಫೋಟೋ. ಸರ್ಕಾರ ತಡಮಾಡಿದ ಆ ಆರು ವರ್ಷದಲ್ಲಿ ಹೇಳುತ್ತಿದ್ದ ಕಾರಣಗಳಲ್ಲಿ ಇದೂ ಒಂದು. ಪಡೆಯನ್ನು ಪಟ್ಟಿಗೆ ಸೇರಿಸಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ಬಲವಂತಕ್ಕೆ ಹೋದ ಹುಡುಗರಿಗೆ ಕಾನೂನಿನಲ್ಲೇ ಸ್ಪಷ್ಟವಾದ ದಾರಿ ಬಿಡಬೇಕಿತ್ತು.

ಆಸ್ಟ್ರೇಲಿಯಾದಲ್ಲಿ ಇರುವ ನಮ್ಮವರಿಗೂ ಒಂದು ಮಾತು. ಅಲ್ಲಿನ ಹಳೆಯ ಕಾನೂನು ಇನ್ನೊಂದು ದೇಶದ ಸರ್ಕಾರಿ ಪಡೆಯನ್ನು ಪಟ್ಟಿಗೆ ಸೇರಿಸೋಕೆ ಅನುಕೂಲವಾಗಿರಲಿಲ್ಲ. ಹಾಗಾಗಿ 2025ರಲ್ಲಿ ಅದಕ್ಕೆ ಅಂತಲೇ ಹೊಸ ಕಾನೂನು ಮಾಡಿ, ನವೆಂಬರ್‌ನಲ್ಲಿ ಐಆರ್‌ಜಿಸಿಯನ್ನು ಸೇರಿಸಿದರು. ಅಮೆರಿಕಾ 2019ರಲ್ಲೇ ಮಾಡಿತ್ತು.

ಈಗ ನಮ್ಮ ಅರ್ಜಿಗಳ ವಿಷಯ. ಪಿಆರ್ ಕಾಗದಗಳಲ್ಲಿ ಸೈನ್ಯ, ಪೊಲೀಸ್, ಸರ್ಕಾರಿ ಹುದ್ದೆ, ಸೇರಿದ್ದ ಸಂಘಟನೆಗಳು ಇದೆಲ್ಲ ಕೇಳುತ್ತಾರೆ. ಇದು ಎಲ್ಲ ದೇಶದವರಿಗೂ ಇದೆ, ನಮಗೂ ಇದೆ. ಕೊಡಗಿನವರೊಬ್ಬರು, ಸೇನೆಯಿಂದ ಹವಾಲ್ದಾರರಾಗಿ ನಿವೃತ್ತರಾದವರು, ಮಗಳು ಸ್ಪಾನ್ಸರ್ ಮಾಡಿದ ಅರ್ಜಿಯಲ್ಲಿ ಆ ಕಾಲಂ ಖಾಲಿ ಬಿಟ್ಟಿದ್ದರು. ಸೈನ್ಯ ಅಂತ ಬರೆದರೆ ಸುಮ್ನೆ ಅನುಮಾನ ಬರುತ್ತೆ ಅಂತ ಯಾರೋ ಹೆದರಿಸಿದ್ದರಂತೆ. ನಾನು ಅವರ ಡಿಸ್ಚಾರ್ಜ್ ಬುಕ್ ತರಿಸಿ, ಊಟದ ಮೇಜಿನ ಮೇಲೆ ಹರಡಿಕೊಂಡು, ಯಾವ ವರ್ಷ ಯಾವ ಊರಲ್ಲಿ ಪೋಸ್ಟಿಂಗ್, ರ‍್ಯಾಂಕ್ ಏನು ಅಂತ ತಿಂಗಳ ಸಮೇತ ಬರೆಸಿದೆ. ಭಾರತೀಯ ಸೇನೆಯಲ್ಲಿದ್ದದ್ದು ಮುಚ್ಚಿಡುವ ವಿಷಯವೇ ಅಲ್ಲ. ಮುಚ್ಚಿಟ್ಟು ಸಿಕ್ಕಿಬಿದ್ದರೆ 5 ವರ್ಷ ಅರ್ಜಿ ಹಾಕುವ ಹಾಗಿಲ್ಲ. ಎನ್‌ಸಿಸಿ, ಕಾಲೇಜಿನ ವಿದ್ಯಾರ್ಥಿ ಸಂಘಟನೆ, ನೌಕರರ ಯೂನಿಯನ್, ಎಲ್ಲವನ್ನೂ ಬರೆಯಿರಿ. ಜಾಸ್ತಿ ಬರೆದು ಯಾರೂ ಕೆಟ್ಟಿದ್ದು ನಾನು ನೋಡಿಲ್ಲ.

ದಾನ ಕೊಡುವಾಗ ಇಲ್ಲಿ ನೋಂದಣಿಯಾದ ಸಂಸ್ಥೆಯಾ ಅಂತ ಕೆನಡಾ ರೆವೆನ್ಯೂ ಏಜೆನ್ಸಿಯ ಪಟ್ಟಿಯಲ್ಲಿ ನೋಡಿಕೊಳ್ಳಿ. ವಾಟ್ಸಾಪಿನಲ್ಲಿ ಬಂದ ಕ್ಯೂಆರ್ ಕೋಡಿಗೆ ದುಡ್ಡು ಹಾಕಬೇಡಿ.

ಇನ್ನೊಂದು, ಇದು ಸೀದಾ ನಮಗೇ ಸಂಬಂಧಿಸಿದ್ದು. 2025ರ ಸೆಪ್ಟೆಂಬರ್‌ನಲ್ಲಿ ಭಾರತ ಮೂಲದ ಬಿಷ್ಣೋಯ್ ಸುಲಿಗೆ ಗ್ಯಾಂಗ್ ಕೂಡ ಇದೇ ಪಟ್ಟಿಗೆ ಸೇರಿದೆ. ಬ್ರಾಂಪ್ಟನ್, ಸರ್ರೆ ಕಡೆ ಅಂಗಡಿ, ಹೋಟೆಲು, ಟ್ರಕ್ ಇಟ್ಟುಕೊಂಡ ಭಾರತೀಯರಿಗೆ ದುಡ್ಡು ಕೇಳಿ ಬೆದರಿಕೆ ಕರೆ ಬರುವುದು ನಿಮಗೂ ಗೊತ್ತಿರಬಹುದು. ನಿಮಗೆ ಬಂದರೆ ಹೆದರಿ ದುಡ್ಡು ಕಳಿಸಬೇಡಿ. ನಂಬರು, ಮೆಸೇಜು ಅಳಿಸದೆ ಇಟ್ಟುಕೊಂಡು ಅವತ್ತೇ ಪೊಲೀಸರ ಹತ್ತಿರ ಹೋಗಿ. ಒಬ್ಬರೇ ಹೋಗೋಕೆ ಧೈರ್ಯ ಬರದಿದ್ದರೆ ನಮ್ಮಂಥ ಹಳಬರನ್ನು ಜೊತೆಗೆ ಕರೆದುಕೊಂಡು ಹೋಗಿ, ರಾತ್ರಿ ಹನ್ನೊಂದಾದರೂ ಬರುತ್ತೇವೆ.

ಮಂಡ್ಯದ ಹುಡುಗನನ್ನು ಕಳೆದ ಜನವರಿ 8ಕ್ಕೆ ನಾನೇ ನಾರ್ತ್ ಯಾರ್ಕ್‌ನ ಮೆಲ್ ಲಾಸ್ಟ್‌ಮನ್ ಸ್ಕ್ವೇರ್‌ಗೆ ಕರೆದುಕೊಂಡು ಹೋಗಿದ್ದೆ. ಆ ವಿಮಾನದಲ್ಲಿ ಸತ್ತವರ ಫೋಟೋಗಳ ಮುಂದೆ ಎದುರು ಮನೆಯ ಅಮ್ಮ ಗಾಳಿಗೆ ಆರಿಹೋಗುತ್ತಿದ್ದ ಮೇಣದಬತ್ತಿಯನ್ನು ಮತ್ತೆ ಮತ್ತೆ ಹಚ್ಚುತ್ತಿದ್ದರು. ಇವನು ಹೋಗಿ ಗಾಳಿಗೆ ಅಡ್ಡವಾಗಿ ಎರಡೂ ಕೈ ಹಿಡಿದು ನಿಂತ. ವಾಪಸ್ ಬರುವಾಗ ಅವರ ಕಾರಿನಲ್ಲೇ ಬಂದ.