ಪರಿಸರ ಸಂಘ ಸೇರಬೇಕಾ? ಮೊದಲು ನಿಮ್ಮೂರ ಕೆರೆಯ ಸರ್ವೆ ನಂಬರ್ ಹುಡುಕಿ

ತುಮಕೂರು ಕಡೆ ಪರಿಸರ ಸಂಘ ಸೇರುತ್ತೇನೆ ಅನ್ನುವವರು ಜಾಸ್ತಿ ಬರುವುದು ಜೂನ್ 5ರ ವಿಶ್ವ ಪರಿಸರ ದಿನದ ಆಸುಪಾಸಿನಲ್ಲೇ. ಗಿಡ ನೆಟ್ಟು, ಫೋಟೋ ತೆಗೆಸಿಕೊಂಡರೆ ಮುಗಿಯಿತು, ಆಮೇಲೆ ಪತ್ತೇನೇ ಇಲ್ಲ. ಸಂಘಕ್ಕೆ ಬೇಕಿರುವುದು ಉಳಿದ ಹನ್ನೊಂದು ತಿಂಗಳು ಕೈಗೆ ಸಿಗುವವರು.

ದುಡ್ಡು ಕಟ್ಟುವ ಮುಂಚೆ ಒಂದೆರಡು ಭಾನುವಾರ ಸುಮ್ನೆ ಅವರ ಜೊತೆ ಓಡಾಡಿ. ಸಂಘ ನೋಂದಣಿ ಆಗಿದೆಯಾ, ವರ್ಷಕ್ಕೊಮ್ಮೆ ಸಭೆ ಕರೆದು ಲೆಕ್ಕ ಒಪ್ಪಿಸುತ್ತಾರಾ, ಸದಸ್ಯತ್ವಕ್ಕೆ ರಸೀದಿ ಕೊಡುತ್ತಾರಾ ಅಂತ ಕೇಳಿ. ಕೇಳಿದ್ದಕ್ಕೇ ಮುಖ ಗಂಟು ಹಾಕಿಕೊಂಡರೆ ಬೇರೆ ಸಂಘ ನೋಡಿಕೊಳ್ಳಿ.

ಶುರು ಮಾಡುವುದಕ್ಕೆ ಮನೆ ಹತ್ತಿರದ ಕೆರೆ ಸಾಕು. ಮೊಬೈಲಿಗೆ ಸರ್ಕಾರದ ದಿಶಾಂಕ್ ಆಪ್ ಹಾಕಿಕೊಂಡು ಕೆರೆ ಏರಿ ಮೇಲೆ ನಿಂತರೆ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಹಾಗೇ ಒಂದು ಸುತ್ತು ನಡೆಯಿರಿ: ನೀರು ಬಿಡುವ ತೂಬು ಹೇಗಿದೆ, ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಕೋಡಿ ಎಲ್ಲಿದೆ, ನೀರು ಬರುವ ಕಾಲುವೆಗೆ ಯಾರಾದರೂ ಮಣ್ಣು ಸುರಿದಿದ್ದಾರಾ, ಊರ ಚರಂಡಿ ಎಲ್ಲಿ ಬಂದು ಸೇರುತ್ತಿದೆ. ಫೋಟೋ, ದಿನಾಂಕ, ಸರ್ವೆ ನಂಬರ್ ಮೂರೂ ಒಟ್ಟಿಗಿರಲಿ. ‘ಕೆರೆ ಹಾಳಾಗುತ್ತಿದೆ, ಉಳಿಸಿಕೊಡಿ’ ಅನ್ನುವ ಅರ್ಜಿ ಫೈಲಿನಲ್ಲೇ ಮಲಗುತ್ತದೆ. ‘ಇಂಥ ಸರ್ವೆ ನಂಬರಿನಲ್ಲಿ, ಕೋಡಿ ಪಕ್ಕ, ಇಂಥ ದಿನ ಟ್ರ್ಯಾಕ್ಟರಿನಲ್ಲಿ ಮಣ್ಣು ತಂದು ಸುರಿದಿದ್ದಾರೆ’ ಅಂತ ಬರೆದರೆ ಜಾರಿಕೊಳ್ಳುವುದು ಕಷ್ಟ. ಅರ್ಜಿಯ ಇನ್ನೊಂದು ಪ್ರತಿಗೆ ಕಚೇರಿಯ ಸೀಲ್ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಉತ್ತರ ಬರಲಿಲ್ಲವಾ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದ ಗಡುವು. ‘ಯಾಕೆ ಮಾಡಲಿಲ್ಲ’ ಅಂತ ಕೇಳಬೇಡಿ, ‘ನನ್ನ ದೂರಿನ ಕಡತದ ಪ್ರತಿ ಕೊಡಿ’ ಅಂತ ಕೇಳಿ.

ಇನ್ನು ಗಿಡ ನೆಡುವ ಹುಚ್ಚು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹತ್ತಿರ ಕೃಷ್ಣಮೃಗಗಳ ಹುಲ್ಲುಗಾವಲಿದೆ, 2007ರಲ್ಲಿ ಜಯಮಂಗಲಿ ಸಂರಕ್ಷಣಾ ಮೀಸಲು ಅಂತ ಘೋಷಣೆಯಾದ ಜಾಗ. ಅದನ್ನು ನೋಡಿದ ಕೂಡಲೇ ‘ಅಯ್ಯೋ ಬೋಳಾಗಿದೆ, ಸಸಿ ಹಾಕೋಣ’ ಅನ್ನುವವರು ಇದ್ದೇ ಇರುತ್ತಾರೆ. ದಯವಿಟ್ಟು ಬೇಡ. ಕೃಷ್ಣಮೃಗ ಅಪಾಯವನ್ನು ದೂರದಿಂದಲೇ ಕಂಡು ಓಡಿ ಬದುಕುವ ಪ್ರಾಣಿ, ಅದಕ್ಕೆ ಬಯಲೇ ಬೇಕು. ಮರ ದಟ್ಟವಾದರೆ ನೆರಳಿಗೆ ಹುಲ್ಲೂ ಹೋಗುತ್ತದೆ. ಅಲ್ಲಿ ನಾಯಿಗಳು ಅಟ್ಟಿಸಿಕೊಂಡು ಹೋಗುವುದು ಕಂಡರೆ ಅರಣ್ಯ ಇಲಾಖೆಯವರಿಗೆ ತಿಳಿಸಿ, ಎಣಿಕೆಗೆ ಕರೆದರೆ ಹೋಗಿ, ಅಷ್ಟು ಮಾಡಿದರೆ ದೊಡ್ಡದು.

ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ಕಾಯುತ್ತಾ ಬಂದವರು ಆ ಊರಿನವರೇ. ಸಂಘದ ಟೀ ಶರ್ಟ್ ಹಾಕಿಕೊಂಡು ಹೋಗಿ ಅವರಿಗೇ ಪಾಠ ಹೇಳಬೇಡಿ, ಚೆನ್ನಾಗಿರಲ್ಲ ಅಲ್ವಾ?

ಬೇಸಿಗೆಯಲ್ಲಿ ದೇವರಾಯನದುರ್ಗದ ಕಡೆ ಹುಲ್ಲಿಗೆ ಬೆಂಕಿ ಬಿದ್ದರೆ ಮೊದಲು ಇಲಾಖೆಗೆ ಫೋನ್ ಮಾಡಿ. ಒಬ್ಬರೇ ನುಗ್ಗಬೇಡಿ. ಗಾರ್ಡ್‌ಗಳು ಕರೆದರೆ ಮಾತ್ರ ಹೋಗಿ, ಹಸಿ ಸೊಪ್ಪಿನ ಕೊಂಬೆಯಿಂದ ಅವರು ಹೇಳಿದ ಕಡೆಯಿಂದಲೇ ಬಡಿಯಿರಿ. ಹತ್ತಿ ಬಟ್ಟೆ, ಗಟ್ಟಿ ಶೂ ಇರಲಿ. ನೈಲಾನ್ ಜರ್ಸಿ ಕಿಡಿ ತಾಗಿದರೆ ಮೈಗೇ ಅಂಟಿಕೊಳ್ಳುತ್ತದೆ, ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ.