ಬಯಲುಸೀಮೆ ಬಂಡೆ, ನನ್ನ ಕೈ ಮೇಲಿನ ಮಚ್ಚೆ, ಮತ್ತೆ ಕವಿತೆ: ನನ್ನ ಅನುಭವ

ಆಗಲ್ಲ ಅಂದವರಿಗೆಲ್ಲ ಹೇಳ್ತಿದೀನಿ, ಆಯ್ತು ಕಣ್ರಿ. ದಾವಣಗೆರೆ, ದುರ್ಗದ ಗೋಷ್ಠಿಗಳಲ್ಲಿ "ಬಯಲುಸೀಮೆಲಿ ಕೂತು ಎಂಥ ನಿಸರ್ಗ ಕವಿತೆ ಮೇಡಂ, ಮಲೆನಾಡ್ ಕಡೆ ಹೋಗ್ಬನ್ನಿ" ಅಂತ ಹೇಳದವರೇ ಇಲ್ಲ. ನನಗೆ ಬೇಕಿದ್ದದ್ದು ಬರೀ ಕವಿತೆ ಅಲ್ಲ, ಕೈ ಮೇಲಿನ ತೊನ್ನು ಇಟ್ಕೊಂಡು ನೆಮ್ಮದಿಯಾಗಿ ಇರೋಕೊಂದು ದಾರಿ. ಎರಡೂ ಚಿತ್ರದುರ್ಗದಲ್ಲೇ ಸಿಕ್ತು.

ಹೋದ ದುಡ್ಡು ಮೊದಲು ಹೇಳ್ಬಿಡ್ತೀನಿ. ಎಣ್ಣೆ, ಲೇಪ, ಮಚ್ಚೆ ಮುಚ್ಚೋ ಕ್ರೀಮು ಅಂತ ಹೆಚ್ಚುಕಮ್ಮಿ 70 ಸಾವಿರ. ಮಳೆಗಾಲದಲ್ಲಿ ಆಗುಂಬೆಗೆ ಹೋಗಿ ಹೋಂಸ್ಟೇಲಿ ಇದ್ದು ಬಂದಿದ್ದಕ್ಕೆ ಒಂದು 12 ಸಾವಿರ. ಅಲ್ಲಿ ಬರೆದದ್ದೇನು, ಮಂಜು, ಜಲಪಾತ, ಹಸಿರು ಸೀರೆ, ನೂರು ಜನ ಬರೆದು ಬಿಟ್ಟದ್ದೇ. ಎಲ್ಲಾ ಅಷ್ಟು ತುಂಬಿ ತುಳುಕ್ತಿರೋ ಕಡೆ ನಾನೊಬ್ಬಳೇ ಕುಂದು ಅನ್ನಿಸ್ತಿತ್ತು, ಬೆವರಿದ್ರೂ ಬ್ಲೌಸಿನ ತೋಳು ಮಡಚ್ಲಿಲ್ಲ. ಆ ಕವಿತೆಗಳನ್ನೇ ಸೇರಿಸಿ ಸ್ವಂತ ಖರ್ಚಲ್ಲಿ 500 ಪ್ರತಿ ಹಾಕ್ಸಿದ್ದು, 40 ಸಾವಿರದ ಹತ್ತಿರ ಆಯ್ತು, ಮುನ್ನೂರರ ಮೇಲೆ ಇನ್ನೂ ಮಂಚದ ಕೆಳಗಿವೆ.

ಆಮೇಲೆ ಹಿಡಿದದ್ದು ದುರ್ಗದ ಪಕ್ಕದ ಚಂದ್ರವಳ್ಳಿ. ಕದಂಬರ ರಾಜ ಮಯೂರಶರ್ಮ ಕೆರೆ ಕಟ್ಟಿಸಿದ ಸುದ್ದಿ ಕೊರೆಸಿರೋ ಬಂಡೆ ನೋಡೋಕೆ ಜನ ಬರ್ತಾರೆ, ನಾನು ಆಚೆ ಕಡೆ ಯಾರೂ ನೋಡದ ಒಂದು ಬಂಡೆ ಗೊತ್ತು ಮಾಡ್ಕೊಂಡೆ. ಪ್ರತಿ ಸಲ ಅದೇ ಜಾಗ, ಬೇಸಿಗೆ ಮಳೆ ಚಳಿ ಎಲ್ಲದರಲ್ಲೂ. ನನಗೆ ನಾನೇ ನಿಯಮ ಹಾಕ್ಕೊಂಡೆ: ಕಣ್ಣಿಗೆ ಕಂಡದ್ದು ಮಾತ್ರ ಬರೀಬೇಕು, "ನಾನು" ಬರಬಾರದು, ಮನಸು ನೋವು ಬದುಕು ಬರಬಾರದು, ಉಪಮೆ ಒಂದೂ ಬೇಡ. ಇದು ಹೇಳಿದಷ್ಟು ಸುಲಭ ಇಲ್ಲ, ಮೊದಮೊದಲು ಸಸ್ಯಗಳ ಪಟ್ಟಿ ಥರ ಆಗ್ತಿತ್ತು, ತಂಗಡಿ, ಕಾರೆ, ಜಾಲಿ, ಮುಗೀತು.

ತಿಂಗಳುಗಟ್ಟಲೆ ಕೂತ ಮೇಲೆ ಕಲ್ಲುಹೂವು, ಅಂದ್ರೆ ಬೂಷ್ಟು ಪಾಚಿ ಕೂಡಿ ಕಲ್ಲಿನ ಮೇಲೆ ಬೆಳೆಯೋದು, ಕಣ್ಣಿಗೆ ಬಿತ್ತು. ಬಂಡೆ ಮೇಲೆ ಬೂದುಬಿಳಿ ಪಟ್ಟೆ, ಅಂಚು ಸುರುಳಿ ಸುರುಳಿ, ಎರಡು ಪಟ್ಟೆ ಕೂಡೋ ಕಡೆ ಸಣ್ಣ ಕಪ್ಪು ಗೆರೆ. ಬೇಸಿಗೆಲಿ ಉಗುರು ತಾಗಿದ್ರೆ ಪುಡಿ ಆಗುತ್ತೆ, ಮಳೆ ಬಿದ್ದ ಮಾರನೇ ಬೆಳಿಗ್ಗೆ ಅದೇ ಪಟ್ಟೆ ಹಸಿರು ತಿರುಗಿ ಮೆತ್ತಗಾಗಿರುತ್ತೆ, ಒಳಗಿನ ಪಾಚಿ ಕಾಣುತ್ತಲ್ಲ ಅದಕ್ಕೆ. ಸೆಕೆಗೆ ತೋಳು ಮಡಚಿ ಕೈಯೂರಿ ಅದನ್ನೇ ಬರೀತಾ ಹೋದೆ, ನನ್ನ ಸುದ್ದಿ ಒಂದಕ್ಷರ ಇಲ್ಲ. ಓದಿದ ಗೆಳತಿ "ಏ, ಇದು ನಿನ್ ಕೈಯಲ್ವೇನೇ?" ಅಂದ್ಳು. ಹೌದು ಕಣೆ ಅಂದೆ. ಅಷ್ಟು ಸಲೀಸಾಗಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ನಡುವೆ ಬೇರೆ ಪ್ರಯೋಗಾನೂ ಮಾಡಿದ್ದೀನಿ. ಜೋಗಿಮಟ್ಟಿ ಬೆಟ್ಟದಲ್ಲಿ ಮೊಬೈಲಲ್ಲಿ ಹೇಳಿ ರೆಕಾರ್ಡ್ ಮಾಡೋಣ ಅಂತ ಹೋದೆ, ಆ ಗಾಳಿಗೆ ಬರೀ ಭರ್ರೋ ಅನ್ನೋ ಸದ್ದು. ಭಾಮಿನಿ ಷಟ್ಪದೀಲಿ ಟ್ರೈ ಮಾಡಿದೆ, ಮೂರು ನಾಲ್ಕು ಮೂರು ನಾಲ್ಕು ಮಾತ್ರೆ ಎಣಿಸೋದ್ರಲ್ಲಿ ಬಂಡೆ ನೋಡೋದೇ ಮರೀತಿತ್ತು. ವಾಣಿವಿಲಾಸ ಸಾಗರ ಡ್ಯಾಂ 1933 ಆದ್ಮೇಲೆ 2022ರಲ್ಲಿ ಕೋಡಿ ಬಿತ್ತಲ್ಲ, ಆ ಜಾತ್ರೆಲಿ ನಾನೂ ಇದ್ದೆ, ಬರೆದದ್ದು ಪೇಪರ್ ವರದಿ ಥರ ಬಂತು. ಒಂದೇ ದಿನ ನೋಡಿದ್ದು ಕವಿತೆ ಆಗಲ್ಲ ಅಂತ ನನಗಂತೂ ಖಾತ್ರಿ ಆಗಿದೆ.

ಹೋದ ವರ್ಷ ದಾವಣಗೆರೇಲಿ ಅರ್ಧ ತೋಳಿನ ಬ್ಲೌಸ್ ಹಾಕ್ಕೊಂಡು, ಕ್ರೀಮ್ ಹಚ್ಚದೆ, ಸಾಲಾಗಿ ನಾಲ್ಕೈದು ಬಂಡೆ ಕವಿತೆ ಓದಿದೆ. ಮಲೆನಾಡಿಗೆ ಹೋಗಿ ಅಂದಿದ್ದ ಹಿರಿಯರೇ ಬಂದು ಪ್ರತಿ ಕೇಳಿದ್ರು, ಆವತ್ತು ನಿಜವಾಗ್ಲೂ ಹೆಮ್ಮೆ ಆಯ್ತು. ಕ್ರೀಮಿನ ದುಡ್ಡು ತಿಂಗಳಿಗೆ ಎಂಟುನೂರು ಉಳೀತಿದೆ. ಚರ್ಮದ ಡಾಕ್ಟರ್ ಹತ್ರ ಹೋಗೋದು ಬಿಟ್ಟಿಲ್ಲ, ಯಾರೂ ಬಿಡ್ಬೇಡಿ, ಕವಿತೆ ಮಚ್ಚೆ ವಾಸಿ ಮಾಡಲ್ಲ.

ಕೊನೆ ಸಾಲು ಎಲ್ಲಿ ಕಡೀಬೇಕು ಅನ್ನೋದಕ್ಕೆ ನಂದೊಂದು ಕೈಚಳಕ ಇದೆ, ಅದನ್ನ ಈಗ ಹೇಳಲ್ಲ, ಎರಡನೇ ಪುಸ್ತಕ ಬರ್ಲಿ. ನೀವು ಶುರು ಮಾಡೋದಾದ್ರೆ ಮನೆಯಿಂದ ಅರ್ಧ ಗಂಟೆ ಒಳಗಿನ ಜಾಗ ಹಿಡೀರಿ, ಬಿಸಿಲು ಏರೋ ಮುಂಚೆ ಹೋಗಿ, ಮೊದಲ ಮಳೆಯ ಮಾರನೇ ಬೆಳಿಗ್ಗೆ ಮಾತ್ರ ಯಾವ ಕೆಲಸ ಇದ್ರೂ ತಪ್ಪಿಸ್ಬೇಡಿ.