ಮುರುಗಲು ತುಪ್ಪ, ಜೇನುಮೇಣ, ಚಿಟಿಕೆ ಕೆಂಪು: ಮನೆಯಲ್ಲೇ ಲಿಪ್‌ಸ್ಟಿಕ್

ಮನೆಯಲ್ಲೇ ಲಿಪ್‌ಸ್ಟಿಕ್ ಮಾಡುತ್ತೇನೆ ಅಂತ ಹೊರಟವರು ಮೊದಲು ಕೈ ಹಾಕುವುದು ಬೀಟ್‌ರೂಟಿಗೆ. ರಸ ಹಿಂಡಿ, ಕೊಬ್ಬರಿ ಎಣ್ಣೆಗೆ ಬೆರೆಸಿ, ಫ್ರಿಜ್‌ನಲ್ಲಿ ಇಟ್ಟರೆ ಮುಗಿಯಿತು ಅಂತ ಮೊಬೈಲ್‌ನಲ್ಲಿ ತೋರಿಸುತ್ತಾರೆ. ಮಾರನೇ ದಿನ ನೋಡಿದರೆ ಎಣ್ಣೆ ಮೇಲೆ, ಕೆಂಪು ನೀರು ತಳದಲ್ಲಿ. ಬೀಟ್‌ರೂಟಿನ ಬಣ್ಣ ನೀರಿನಲ್ಲಿ ಕರಗುವಂಥದ್ದು, ಎಣ್ಣೆಗೆ ಸೇರುವುದೇ ಇಲ್ಲ. ಅದೂ ಅಲ್ಲದೆ ನೀರಿನ ಪಸೆ ಇದ್ದಲ್ಲಿ ಬೂಸ್ಟು ಗ್ಯಾರಂಟಿ. ತೀರ್ಥಹಳ್ಳಿ, ಹೊಸನಗರದ ಕಡೆ ಮಳೆಗಾಲದಲ್ಲಿ ಚಪ್ಪಲಿಗೂ ಬೂಸ್ಟು ಬರುತ್ತದೆ, ಇದನ್ನು ಬಿಡುತ್ತದೆಯೇ?

ಹಾಗಾಗಿ ಬಣ್ಣದ ವಿಚಾರವನ್ನೇ ಮೊದಲು ನೋಡೋಣ. ಉಳಿದದ್ದು ಕರಗಿಸಿ ಸುರಿಯುವ ಕೆಲಸ, ಅಷ್ಟೇನೂ ಕಷ್ಟವಿಲ್ಲ.

ಎಣ್ಣೆಗೆ ಇಳಿಯುವ ಬಣ್ಣ ಬೇಕು ಅಂದರೆ ರಂಗಮಾಲೆ ಇದೆ. ನರ್ಸರಿಯವರಿಗೆ ‘ಲಿಪ್‌ಸ್ಟಿಕ್ ಮರ’ ಅಂದರೆ ಬೇಗ ಗೊತ್ತಾಗುತ್ತದೆ. ಮೈತುಂಬ ಮೆತ್ತನೆ ಮುಳ್ಳಿನ ಕಾಯಿ. ಒಣಗಿ ಬಿರಿದಾಗ ಒಳಗೆ ಒತ್ತೊತ್ತಾಗಿ ಕೆಂಪು ಬೀಜ. ಒಂದೇ ಬೀಜ ಬೆರಳಲ್ಲಿ ತಿಕ್ಕಿ ನೋಡಿ, ಉಗುರಿನ ಸಂದಿಗೆ ಸೇರಿಕೊಂಡ ಬಣ್ಣ ಸೋಪು ಹಾಕಿದರೂ ಸುಲಭಕ್ಕೆ ಬಿಡುವುದಿಲ್ಲ. ಬೆಣ್ಣೆ, ಚೀಸ್‌ಗೆ ಹಾಕುವುದೂ ಇದೇ ಬಣ್ಣ. ಆದರೆ ಇದು ಕೊಡುವುದು ಕಿತ್ತಳೆ ಛಾಯೆ. ಅಂಗಡಿ ಲಿಪ್‌ಸ್ಟಿಕ್‌ನಂಥ ಗಾಢ ಮರೂನ್ ಇದೊಂದರಿಂದಲೇ ಬರುವುದಿಲ್ಲ.

ಗಾಢ ಕೆಂಪಿಗೆ ಐರನ್ ಆಕ್ಸೈಡ್ ಪುಡಿ ಬೇಕು. ಹೆಸರು ಕೇಳಿ ಹೆದರಬೇಡಿ, ನಮ್ಮ ಕೆಮ್ಮಣ್ಣಿಗೆ ಬಣ್ಣ ಬಂದಿರುವುದೂ ಇದರಿಂದಲೇ. ಮಲೆನಾಡಿನ ದೀವರು ಸಮುದಾಯದವರ ಮನೆಯ ಗೋಡೆಯಲ್ಲಿ ಹಸೆ ಚಿತ್ತಾರದ ಹಿನ್ನೆಲೆಗೆ ಬಳಿಯುವುದು ಅದೇ ಮಣ್ಣು. ಹಾಗಂತ ಧರೆಯಿಂದ ಮಣ್ಣು ಕೆರೆದು ತರಬೇಡಿ. ಅದರಲ್ಲಿ ಮರಳಿರುತ್ತದೆ, ಬೇರೆ ಲೋಹಗಳೂ ಇರಬಹುದು. ಸೋಪು, ಕಾಸ್ಮೆಟಿಕ್ ಸಾಮಾನು ಮಾರುವ ಆನ್‌ಲೈನ್ ಅಂಗಡಿಗಳಲ್ಲಿ ‘ಕಾಸ್ಮೆಟಿಕ್ ಗ್ರೇಡ್’ ಎಂದು ಬರೆದ ಪುಡಿಯನ್ನೇ ತರಿಸಿ.

ಮಲೆನಾಡಿನಲ್ಲಿ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ: ಅಡಿಕೆ ಚೊಗರು, ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರು, ಹಾಕಬಹುದಾ? ಬಟ್ಟೆಗಾದರೆ ಚೆಂದ. ಹೆಗ್ಗೋಡಿನ ಹತ್ತಿರ ಭೀಮನಕೋಣೆಯ ‘ಚರಕ’ ಕೈಮಗ್ಗ ಸಂಘದವರು ಚೊಗರಿನಿಂದ ಬಟ್ಟೆಗೆ ಬಣ್ಣ ಹಾಕುತ್ತಾರೆ. ತುಟಿಗೆ ಮಾತ್ರ ಬೇಡ. ಚೊಗರೂ ನೀರಿನ ಬಣ್ಣವೇ. ಜೊತೆಗೆ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ತುಟಿಗೆ ಹಚ್ಚಿದ್ದು ಅರ್ಧ ಹೊಟ್ಟೆಗೇ ಹೋಗುತ್ತದೆ, ಅಲ್ವಾ? ಅದೇ ಕಾರಣಕ್ಕೆ ರಂಗೋಲಿ ಪುಡಿ, ಪ್ಯಾಕೆಟ್ ಕುಂಕುಮ, ಸಿಂಧೂರ ಯಾವುದೂ ಬೇಡ. ಹಳೇ ಕಾಲದ ಬಣ್ಣ ಅಂದ ಮಾತ್ರಕ್ಕೆ ಒಳ್ಳೆಯದು ಅಂತಲೂ ಅಂದುಕೊಳ್ಳಬೇಡಿ. ಹಿಂದೆ ಯಕ್ಷಗಾನದವರು ಮುಖಕ್ಕೆ ಹಚ್ಚುತ್ತಿದ್ದ ಇಂಗಳೀಕ ಪಾದರಸದ ಅದಿರು.

ಇನ್ನು ಸಾಮಾನು. ಜೇನುಮೇಣ 5 ಗ್ರಾಂ, ಮುರುಗಲು ತುಪ್ಪ 5 ಗ್ರಾಂ, ರಂಗಮಾಲೆ ಬಣ್ಣ ಇಳಿಸಿದ ಹರಳೆಣ್ಣೆ 8 ಗ್ರಾಂ, ಕೊಬ್ಬರಿ ಎಣ್ಣೆ 2 ಗ್ರಾಂ, ಐರನ್ ಆಕ್ಸೈಡ್ 2 ಗ್ರಾಂ. ನಾಲ್ಕೈದು ಲಿಪ್‌ಸ್ಟಿಕ್ ಆಗುತ್ತದೆ. ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಒಳ್ಳೆಯದು, ಚಮಚದ ಲೆಕ್ಕ ನಂಬುವಂತಿಲ್ಲ.

ಮುರುಗಲು ತುಪ್ಪ ಮನೆಯಲ್ಲೇ ಇರಬಹುದು, ಚಳಿಗಾಲದಲ್ಲಿ ಹಿಮ್ಮಡಿ ಒಡೆದರೆ ಹಚ್ಚುವ ಅದೇ ಬಿಳಿ ಉಂಡೆ. ಮುರುಗಲು (ಕೋಕಂ) ಹಣ್ಣಿನ ಬೀಜ ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿ ತೆಗೆದದ್ದು. ಕೈಗೆ ಗಟ್ಟಿ, ಮೈಗೆ ತಿಕ್ಕಿದರೆ ಮೆತ್ತಗಾಗುತ್ತದೆ, ಲಿಪ್‌ಸ್ಟಿಕ್‌ಗೆ ಬೇಕಾದ ಗುಣವೇ ಅದು. ಜೇನುಮೇಣವನ್ನು ಜೇನು ಸಾಕುವವರ ಹತ್ತಿರ ಕೇಳಿ. ಹಸಿ ಮೇಣ ಸಿಕ್ಕಿದರೆ ಬಿಸಿನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಹಾಗೇ ಆರಲು ಬಿಡಿ. ಮೇಣ ಬಿಲ್ಲೆಯಾಗಿ ಮೇಲೆ ತೇಲುತ್ತದೆ. ತೆಗೆದು ತಳದ ಕೊಳೆ ಕೆರೆದು ಚೆನ್ನಾಗಿ ಒಣಗಿಸಿ.

ಹಿಂದಿನ ದಿನವೇ ಎಣ್ಣೆಗೆ ಬಣ್ಣ ಇಳಿಸಿಡಿ. ಎರಡು ದೊಡ್ಡ ಚಮಚ ರಂಗಮಾಲೆ ಬೀಜಕ್ಕೆ ನಾಲ್ಕು ಚಮಚ ಹರಳೆಣ್ಣೆ. ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಅರ್ಧ ಗಂಟೆ ಸಣ್ಣ ಉರಿ, ರಾತ್ರಿಯಿಡೀ ಮುಚ್ಚಿಟ್ಟು ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಿ. ಹರಳೆಣ್ಣೆ ಮಂದ, ನಿಧಾನಕ್ಕೆ ಇಳಿಯುತ್ತದೆ. ಸ್ವಲ್ಪ ಬೆಚ್ಚಗೆ ಮಾಡಿಕೊಂಡರೆ ಬೇಗ.

ಮುಂದಿನ ಹಂತವನ್ನು ಹಾರಿಸಬೇಡಿ. ಐರನ್ ಆಕ್ಸೈಡ್ ಪುಡಿಯನ್ನು ಹಾಗೇ ಸುರಿದರೆ ಗಂಟು ಕಟ್ಟುತ್ತದೆ. ಬಿಳಿ ಪಿಂಗಾಣಿ ತಟ್ಟೆಯಲ್ಲಿ ಪುಡಿ ಹಾಕಿ, ಅಳೆದಿಟ್ಟ ಹರಳೆಣ್ಣೆಯಲ್ಲೇ ಸ್ವಲ್ಪ ಬಿಟ್ಟು, ಚಮಚದ ಬೆನ್ನಿನಿಂದ ಒತ್ತಿ ಒತ್ತಿ ಅರೆಯಿರಿ. ಆಗಾಗ ತಟ್ಟೆಯ ಅಂಚಿಗೆ ತೆಳುವಾಗಿ ಎಳೆದು ನೋಡಿ. ಗೆರೆಯೊಳಗೆ ಇನ್ನೂ ಕೆಂಪು ಚುಕ್ಕಿ ಕಂಡರೆ ಅರೆಯುವುದು ಮುಗಿದಿಲ್ಲ. ಹತ್ತು ನಿಮಿಷವಾದರೂ ಬೇಕು, ಕೈ ನೋಯುತ್ತದೆ.

ಈಗ ಕರಗಿಸುವುದು. ನೇರ ಉರಿ ಬೇಡ. ಬಾಣಲೆಯಲ್ಲಿ ಬಿಸಿನೀರು, ಅದರೊಳಗೆ ಸ್ಟೀಲ್ ಬಟ್ಟಲು. ಮೇಣ ಕರಗಲು 62ರಿಂದ 65 ಡಿಗ್ರಿ ಬೇಕು, ಅದನ್ನು ಮೊದಲು ಹಾಕಿ. ಆಮೇಲೆ ಎಣ್ಣೆಗಳು, ಅರೆದ ಬಣ್ಣ. ಮುರುಗಲು ತುಪ್ಪ 40 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ, ಕೊನೆಗೆ ಹಾಕಿದರೆ ಸಾಕು. ಬಟ್ಟಲಿನೊಳಗೆ ಒಂದು ಹನಿ ನೀರೂ ಸಿಡಿಯಬಾರದು.

ಸುರಿಯುವ ಮೊದಲು ಒಂದು ಹನಿಯನ್ನು ಫ್ರೀಜರ್‌ನಲ್ಲಿಟ್ಟ ತಟ್ಟೆಗೆ ಬಿಡಿ. ಗಟ್ಟಿಯಾದ ಮೇಲೆ ಮುಂಗೈಗೆ ಎಳೆಯಿರಿ. ಉಗುರಿನಿಂದ ಕೆರೆದಂತಾದರೆ ನಾಲ್ಕು ಹನಿ ಹರಳೆಣ್ಣೆ ಸೇರಿಸಿ, ಹಿಸುಕಿ ಹೋದರೆ ಚೂರು ಮೇಣ. ಊರು, ಕಾಲ ನೋಡಿಕೊಂಡು ಈ ಅಳತೆ ಬದಲಾಗಬೇಕು. ಶಿವಮೊಗ್ಗ ಪೇಟೆಯ ಏಪ್ರಿಲ್ ಬಿಸಿಲಿಗೆ ಮೇಣ 6 ಗ್ರಾಂ ಮಾಡಿ, ಕೊಬ್ಬರಿ ಎಣ್ಣೆ 1 ಗ್ರಾಂಗೆ ಇಳಿಸಿ. ಆಗುಂಬೆಯ ಆಷಾಢಕ್ಕೆ ಮೇಣ 4 ಗ್ರಾಂ ಸಾಕು, ಕೊಬ್ಬರಿ ಎಣ್ಣೆಯೇ ಬಾಟಲಿಯಲ್ಲಿ ಹೆಪ್ಪುಗಟ್ಟುವ ಥಂಡಿಗೆ ಅದಕ್ಕಿಂತ ಜಾಸ್ತಿ ಹಾಕಿದರೆ ತುಟಿಗೆ ಹತ್ತುವುದೇ ಇಲ್ಲ.

ಹಳೇ ಲಿಪ್‌ಸ್ಟಿಕ್ ಟ್ಯೂಬ್‌ಗಳನ್ನು ಸೋಪುನೀರಿನಲ್ಲಿ ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿ, ಪೂರ್ತಿ ಒಣಗಿಸಿಡಿ. ಚಿಕ್ಕ ಡಬ್ಬಿಯಾದರೂ ನಡೆಯುತ್ತದೆ, ಬೆರಳಲ್ಲಿ ಹಚ್ಚಿಕೊಳ್ಳಬಹುದು. ಬಿಸಿ ಇರುವಾಗಲೇ ಅಂಚಿಗಿಂತ ಚೂರು ಉಬ್ಬುವಂತೆ ಸುರಿಯಿರಿ, ಆರಿದಂತೆ ನಡುವೆ ತಗ್ಗು ಬೀಳುತ್ತದೆ. ತಕ್ಷಣ ಫ್ರಿಜ್‌ನಲ್ಲಿ ಇಪ್ಪತ್ತು ನಿಮಿಷ ಇಡಿ. ಸುಮ್ನೆ ಹೊರಗೆ ಬಿಟ್ಟರೆ ತುಪ್ಪ ನಿಧಾನಕ್ಕೆ ಹೆಪ್ಪುಗಟ್ಟಿ ತರಿತರಿಯಾಗುತ್ತದೆ. ಹಾಗಾದರೂ ಎಸೆಯಬೇಡಿ, ಮತ್ತೆ ಕರಗಿಸಿ ಸುರಿದರಾಯಿತು.

ಪರಿಮಳಕ್ಕೆ ಲಿಂಬೆ ಎಣ್ಣೆ, ದಾಲ್ಚಿನ್ನಿ ಎಣ್ಣೆ ಹಾಕುವ ಆಸೆ ಬಿಡಿ, ತುಟಿ ಉರಿಯುತ್ತದೆ. ಜೇನುಮೇಣದ ವಾಸನೆಯೇ ಚೆನ್ನಾಗಿದೆ. ಹಚ್ಚುವ ಮೊದಲು ಮೊಣಕೈ ಒಳಗೆ ಸ್ವಲ್ಪ ಸವರಿ ಒಂದು ದಿನ ಬಿಡಿ. ಕೆರೆತ ಬಂದರೆ ಅದು ನಿಮಗಲ್ಲ. ಮೂರ್ನಾಲ್ಕು ತಿಂಗಳಲ್ಲಿ ಮುಗಿಸಿ. ಕಮಟು ವಾಸನೆ ಬಂದರೆ ಯೋಚನೆ ಮಾಡದೆ ಬಿಸಾಡಿ.

ನಿಮಗೆ, ಮನೆಯವರಿಗೆ ಮಾಡಿಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಡ. ಸ್ವಸಹಾಯ ಸಂಘದ ಮಳಿಗೆಯಲ್ಲಿಟ್ಟು ಮಾರುವ ಯೋಚನೆ ಇದ್ದರೆ ಮಾತ್ರ 2020ರ ಕಾಸ್ಮೆಟಿಕ್ಸ್ ನಿಯಮದ ಪ್ರಕಾರ ತಯಾರಿಕಾ ಲೈಸೆನ್ಸ್ ಬೇಕಾಗುತ್ತದೆ.